ತುಂಬೆಯಲ್ಲದ ಈ ಹೂವಿಗೆ ದಾಖಲೆಯಲ್ಲಿ ಜಾಗವಿರಲಿ

ಕಾಡಿನಂಚಿನ ಧರೆಯ ನೆರಳಿನಲ್ಲಿ ಗೇಣುದ್ದದ ಗಿಡವೊಂದು ನೇರಳೆ ಛಾಯೆಯ ಹೂವು ಬಿಟ್ಟು ನಿಂತಿರುತ್ತದೆ. ಚೌಕ ಕಾಂಡ, ಎದುರುಬದುರು ಎಲೆ, ಹೂವಿಗೆ ಎರಡು ತುಟಿ. ತುಂಬೆಯ ಜಾತಿಯಿರಬೇಕೆಂದು ನೋಡಿದವರು ಮುಂದೆ ನಡೆಯುತ್ತಾರೆ. ಮಾತು ಪೂರ್ತಿ ತಪ್ಪಲ್ಲ. ತುಂಬೆ, ತುಳಸಿ, ಪುದೀನ ಮತ್ತು ಈ ಗಿಡ ಒಂದೇ ಕುಟುಂಬದವು. ಆದರೆ ಇದು ತುಂಬೆಯಲ್ಲ, ಸ್ಕ್ಯುಟೆಲೇರಿಯಾ. ಇದರ ವಯೊಲೇಸಿಯಾ, ವೈಟಿಯಾನಾ ಎಂಬ ಪ್ರಭೇದಗಳು ದಕ್ಷಿಣ ಭಾರತದ ಗುಡ್ಡಗಾಡಿನ ಮೂಲನಿವಾಸಿಗಳು.

ತುಳಸಿಯ ಬಂಧುವಾದರೆ ಎಲೆ ಹೊಸಕಿ ಮೂಸಿದರೆ ಸಾಕೆಂಬುದು ರೂಢಿ. ಇಲ್ಲಿ ಆ ಉಪಾಯ ಕೈಕೊಡುತ್ತದೆ. ಹೇಳಿಕೊಳ್ಳುವಂಥ ಪರಿಮಳ ಇದಕ್ಕಿಲ್ಲ. ಚೌಕ ಕಾಂಡವನ್ನಷ್ಟೇ ನಂಬುವಂತಿಲ್ಲ, ಆಡುಸೋಗೆಯ ಕುಟುಂಬದ ಹಲವು ಗಿಡಗಳಲ್ಲಿಯೂ ಅದುಂಟು. ನೋಡಬೇಕಾದದ್ದು ಹೂವನ್ನು ಬುಡದಲ್ಲಿ ಹಿಡಿದಿರುವ ಹಸಿರು ಪುಷ್ಪಪಾತ್ರೆಯನ್ನು. ತುಂಬೆಯಲ್ಲಿ ಅದರ ಬಾಯಿಯ ಸುತ್ತ ಹಲ್ಲುಗಳಿರುತ್ತವೆ. ಸ್ಕ್ಯುಟೆಲೇರಿಯಾದಲ್ಲಿ ಹಲ್ಲಿಲ್ಲದ ಎರಡೇ ತುಟಿ. ಮೇಲ್ತುಟಿಯ ಬೆನ್ನಿನ ಮೇಲೆ ಪುಟ್ಟ ತಟ್ಟೆಯಂತಹ ಉಬ್ಬು. ತಟ್ಟೆ ಎಂಬರ್ಥದ ಲ್ಯಾಟಿನ್ ಶಬ್ದದಿಂದಲೇ ಈ ಹೆಸರು ಬಂದಿದೆ. ಹೂವು ಉದುರಿದ ಮೇಲೆ ಆ ತುಟಿಗಳು ಮುಚ್ಚಿಕೊಳ್ಳುತ್ತವೆ. ಕಾಯಿ ಬಲಿತಾಗ ಮೇಲ್ತುಟಿ ಕಳಚಿ ಬಿದ್ದು, ಕೆಳತುಟಿ ಸಣ್ಣ ಚಮಚದಂತೆ ಉಳಿಯುತ್ತದೆ. ಆದ್ದರಿಂದ ಹೂವಿಲ್ಲದ ದಿನಗಳಲ್ಲಿಯೂ ಗುರುತು ಸಾಧ್ಯ. ಆಡುಸೋಗೆಯ ಬಂಧುಗಳಲ್ಲಾದರೋ ಕಾಯಿ ಒಡೆದು ಬೀಜ ಸಿಡಿಯುತ್ತದೆ.

ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿಯೂ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇದಕ್ಕೆ 2020ರ ಜನವರಿ 31ರ ಗಡುವು ವಿಧಿಸಿದಾಗ ಎಲ್ಲೆಡೆ ಅವಸರ ಉಂಟಾಯಿತು. ನಾವು ಕಂಡ ಪುಸ್ತಕಗಳಲ್ಲಿ ಹಲಸು, ಮಾವು, ವಾಟೆ, ಉಪ್ಪಾಗೆ ಇವೆ. ಔಷಧಿಯ ಗಿಡಗಳೂ ಇವೆ. ಉಪಯೋಗ ತಿಳಿಯದ ನೆಲಮಟ್ಟದ ಗಿಡಗಳು ಹೆಚ್ಚಿನಂಶ ಇಲ್ಲ. ಊರ ಹೆಸರಿಲ್ಲವೆಂಬ ಕಾರಣಕ್ಕೆ ಅಂಕಣವನ್ನು ಖಾಲಿ ಬಿಡುವ ಬದಲು ಸಾಲನ್ನೇ ಕೈಬಿಡಲಾಗಿದೆ. ಹೀಗೆ ದಾಖಲೆಯಲ್ಲಿಲ್ಲದ ಗಿಡ ರಸ್ತೆಬದಿಯ ಜಂಗಲ್ ಕಟಿಂಗ್‌ನವರಿಗೆ, ಕಳೆನಾಶಕ ಸಿಂಪಡಿಸುವವರಿಗೆ ಬರಿಯ ಕಳೆ. ಅವರನ್ನಷ್ಟೇ ದೂರಿ ಫಲವಿಲ್ಲ. ನಮ್ಮ ಬಳಗದವರೂ ಬಹುಕಾಲ ಇದನ್ನು ತುಂಬೆಯೆಂದೇ ಕರೆದಿದ್ದೇವೆ.

ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ದಾಖಲಾತಿಯನ್ನು ಪರಿಷ್ಕರಿಸುವಾಗ ಇಂತಹ ಗಿಡಗಳನ್ನು ಶಾಸ್ತ್ರೀಯ ಹೆಸರಿನಲ್ಲಿಯಾದರೂ ಸೇರಿಸಬೇಕು. ಓದುಗ ಮಿತ್ರರು ಗಿಡ ಕೀಳದೆ ಪುಷ್ಪಪಾತ್ರೆಯ ಚಿತ್ರವನ್ನು ಪಕ್ಕದಿಂದ ತೆಗೆದು, ಸ್ಥಳ ಮತ್ತು ದಿನಾಂಕದೊಂದಿಗೆ ಸಮಿತಿಗೂ ನಮಗೂ ಕಳುಹಿಸಲಿ. ಯಾವುದಾದರೂ ಊರಿನ ಹಿರಿಯರ ಬಾಯಲ್ಲಿ ಇದಕ್ಕೊಂದು ಕನ್ನಡದ ಹೆಸರಿದ್ದರೆ ಅದನ್ನು ಮೊದಲು ಬರೆದು ತಿಳಿಸಿರಿ.