ಸೋತ ಮೇಲಿನ ಮಾತು

ಬೆಳಗಿನ ಹೊತ್ತು ಬೀದರಿನ ಮೈದಾನವೊಂದರ ಸುತ್ತ ನಡೆದಾಡುವುದು ನನ್ನ ಹಲವು ವರ್ಷಗಳ ರೂಢಿ. ಅಲ್ಲಿ ನಮ್ಮ ಕಾಲೇಜಿನ ಹುಡುಗಿಯೊಬ್ಬಳು ನಿತ್ಯವೂ ಓಟದ ಅಭ್ಯಾಸ ಮಾಡುತ್ತಿದ್ದಳು. ಔರಾದ ಕಡೆಯ ಹಳ್ಳಿಯವಳು. ಹೊಲದ ಬದುವಿನ ಮೇಲೆ ಓಡಿ ಬೆಳೆದವಳು. ಇದ್ದಕ್ಕಿದ್ದಂತೆ ಅವಳು ಕಾಣದಾದಳು. ತರಗತಿ ಮುಗಿದ ಮೇಲೆ ವಿಚಾರಿಸಿದೆ.

“ಓಡೂದು ಬಿಟ್ಟೀನ್ರಿ, ಸರ್” ಎಂದು ತಲೆ ತಗ್ಗಿಸಿದಳು.

ಭಾಲ್ಕಿಯಲ್ಲಿ ನಡೆದ ಪಂದ್ಯವೊಂದರಲ್ಲಿ ನಾಲ್ಕನೆಯವಳಾಗಿ ಬಂದಿದ್ದಳಂತೆ. ಅವಳ ತರಬೇತುದಾರರು ಗೆಳತಿಯರ ಎದುರಿನಲ್ಲೇ, “ನಿನಗೆ ಕಲಿಸಿದ್ದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು” ಎಂದರಂತೆ. ಹುಡುಗಿಯ ಕಾಲನ್ನು ಕಟ್ಟಿಹಾಕಿದ್ದು ಸೋಲಲ್ಲ, ಈ ಮಾತು.

ಅವರು ಕೆಟ್ಟವರೇನೂ ಅಲ್ಲ. ಜರೆದರೆ ಛಲ ಹುಟ್ಟೀತೆಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಪಾಠದ ಮೇಜಿನ ಹಿಂದೆ ನಿಂತು ನಾನೂ ಎಷ್ಟೋ ಸಲ ಹಾಗೆಯೇ ಜರೆದಿದ್ದೇನೆ.

ಆದರೆ 1969ರ ನವೆಂಬರಿನ ಕಾನ್ಪುರವನ್ನು ನೆನೆಯಿರಿ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರಿಗೆ ಅದು ಮೊದಲ ಟೆಸ್ಟ್, ಎದುರಾಳಿ ಆಸ್ಟ್ರೇಲಿಯ. ಮೊದಲ ಸರದಿಯಲ್ಲಿ ಅವರು ಗಳಿಸಿದ್ದು ಸೊನ್ನೆ. ಇಪ್ಪತ್ತರ ಆ ಹುಡುಗನನ್ನು ನಾಯಕ ಪಟೌಡಿ ಗದರಿಸಲಿಲ್ಲ. ಚಿಂತಿಸಬೇಡ, ಎರಡನೆಯ ಸರದಿಯಲ್ಲಿ ನೂರು ಹೊಡೆಯುತ್ತೀಯೆ ಎಂದು ಧೈರ್ಯ ಹೇಳಿದರು. ವಿಶ್ವನಾಥರು 137 ಓಟ ಗಳಿಸಿದರು. ಓಟ ತಂದುಕೊಟ್ಟದ್ದು ಅವರ ಮಣಿಕಟ್ಟೇ ಹೊರತು ನಾಯಕನ ಮಾತಲ್ಲ. ಆದರೆ ಆ ಮಣಿಕಟ್ಟನ್ನು ಬಿಗಿಹಿಡಿಯಬಹುದಾಗಿದ್ದ ಭಯವನ್ನು ಮಾತು ಸಡಿಲಿಸಿತು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಇದನ್ನೇ ಶಾಸ್ತ್ರೀಯವಾಗಿ ವಿವರಿಸಿದ್ದಾರೆ. ಒಳಗಿನ ಹುರುಪು ಬಾಳಬೇಕಾದರೆ ಮನುಷ್ಯನಿಗೆ ಮೂರು ಬೇಕು: ಇದು ನಾನೇ ಆರಿಸಿಕೊಂಡದ್ದೆಂಬ ಭಾವ, ನನ್ನಿಂದಾದೀತೆಂಬ ವಿಶ್ವಾಸ, ಇವರು ನನ್ನವರೆಂಬ ನೆಮ್ಮದಿ. ಬರಿಯ ಬಹುಮಾನದ ಆಸೆಯೂ ಸಾಲದು. 1971ರಲ್ಲಿ ಡೆಸಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹಣ ಪಡೆದು ಒಗಟು ಬಿಡಿಸಿದ ವಿದ್ಯಾರ್ಥಿಗಳು, ಹಣ ನಿಂತೊಡನೆ ಬಿಡುವಿನಲ್ಲಿ ಅದನ್ನು ಮುಟ್ಟುವುದನ್ನೇ ಕಡಿಮೆ ಮಾಡಿದರು.

ನಮ್ಮ ಕಡೆಯ ಜಾತ್ರೆಗಳ ಕುಸ್ತಿಯ ಕಣದಲ್ಲಿ ಒಳ್ಳೆಯ ವಸ್ತಾದನನ್ನು ಕಂಡವರಿಗೆ ಇದು ಹೊಸದಲ್ಲ. ಬಿದ್ದ ಶಿಷ್ಯನ ಬೆನ್ನಿನ ಮಣ್ಣನ್ನು ಅವನು ಮೊದಲು ಒರೆಸುತ್ತಾನೆ; ಆಮೇಲೆ ಕಾಲು ಎಲ್ಲಿ ಜಾರಿತೆಂದು ತೋರಿಸುತ್ತಾನೆ. ತಪ್ಪನ್ನು ಮುಚ್ಚುವುದಿಲ್ಲ, ತಪ್ಪಿಗಾಗಿ ಶಿಷ್ಯನನ್ನು ತಳ್ಳುವುದೂ ಇಲ್ಲ.

ನಾನು ಆ ತರಬೇತುದಾರರನ್ನು ಕಂಡೆ. “ನನ್ನ ಗುರುಗಳೂ ನನಗೆ ಹಾಗೆಯೇ ಅನ್ನುತ್ತಿದ್ದರು” ಎಂದರು. “ಆಗ ನಿಮಗೆ ಹೇಗೆನಿಸುತ್ತಿತ್ತು?” ಎಂದೆ. ಬಹಳ ಹೊತ್ತು ಮಾತನಾಡಲಿಲ್ಲ. ಎರಡು ದಿನ ಬಿಟ್ಟು ಅವರೇ ಹೇಳಿಕಳುಹಿಸಿದರು: ಕೊನೆಯ ತಿರುವಿನಲ್ಲಿ ಹಿಂದೆ ಬಿದ್ದದ್ದೇಕೆಂದು ಇಬ್ಬರೂ ಕೂಡಿ ನೋಡೋಣ, ಬರಲಿ ಎಂದು.

ಈಗ ಅವಳು ಮತ್ತೆ ಮೈದಾನಕ್ಕೆ ಬರುತ್ತಾಳೆ. ಗೆಲ್ಲುವಳೋ ಇಲ್ಲವೋ ಬಲ್ಲವರಾರು? ಓಡುತ್ತಿದ್ದಾಳೆ, ಅಷ್ಟು ಸಾಕು.

ಓದುಗರೇ, ಇಂದು ಸಂಜೆ ನಿಮ್ಮ ಮಗುವೂ ಆಟ ಮುಗಿಸಿ ಧೂಳುಗಾಲಿನಲ್ಲಿ ಮನೆಗೆ ಬಂದೀತು. “ಗೆದ್ದೆಯಾ?” ಎಂದು ಕೇಳುವ ಮೊದಲು ಕಾಲಿಗೆ ನೀರು ಕೊಡಿ.