ಕೀಲಿ ನಮ್ಮದು, ಕೀಲಿಕೈ ಯಾರದು?

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲನಿಗೂ ಕುಷ್ಟಗಿಯಲ್ಲಿ ಕಿರಾಣಿ ಅಂಗಡಿ ಇಟ್ಟವನಿಗೂ ಇಂದು ಒಂದೇ ಬಗೆಯ ತಿಜೋರಿ ಇದೆ. ಅದು ಅಂಗೈಯಗಲದ ಮೊಬೈಲು. ಪಗಾರ ಜಮೆಯಾದ ಸುದ್ದಿ ಬರುವುದು ಅದರಲ್ಲಿ. ಗಿರಾಕಿ ಕೊಟ್ಟ ಹಣ ಕಾಣುವುದು ಅದರಲ್ಲಿ. ಆಧಾರ್ ಪ್ರತಿ, ಪಹಣಿ, ಮಗಳ ಅಂಕಪಟ್ಟಿ, ಉದ್ರಿ ಲೆಕ್ಕ, ಎಲ್ಲವೂ ಅದರಲ್ಲಿ. ಈ ತಿಜೋರಿಯಲ್ಲಿ ಇಟ್ಟದ್ದೆಲ್ಲ ದೂರದ ಕಂಪನಿಗಳ ಯಂತ್ರಗಳಿಗೂ ಹೋಗಿ ಸೇರುತ್ತದೆ. ಅಲ್ಲಿನ ಕೀಲಿಕೈ ಯಾರ ಬಳಿ ಇದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

"ನಿಮ್ಮ ಮಾಹಿತಿ ನಮ್ಮಲ್ಲಿ ಭದ್ರ" ಎನ್ನುತ್ತದೆ ಕಂಪನಿ. ಒತ್ತೆಯ ಒಡವೆ ಎತ್ತಿಡುವಾಗ ಸಾವಕಾರನೂ ಇದೇ ಮಾತನ್ನು ಹೇಳುತ್ತಿದ್ದ. ಹೈದರಾಬಾದ್ ಸಂಸ್ಥಾನದ ಜಹಗೀರುಗಳು 1949ರಲ್ಲಿ ರದ್ದಾದವು. ಈಗ ಹುಟ್ಟಿರುವುದು ಮಾಹಿತಿಯ ಜಹಗೀರು. ಬೆಳೆ ನಮ್ಮದು, ಕಣಜ ಅವರದು!

2023ರಲ್ಲಿ ಬೆಂಗಳೂರಿನಲ್ಲಿ ಆದದ್ದನ್ನು ನೋಡಿರಿ. ಆಸ್ತಿ ಖರೀದಿಯ ಪತ್ರಗಳಿಗೆ ಜನ ಬೆರಳೊತ್ತಿದ್ದರು. ಆ ಪತ್ರಗಳು ಸರ್ಕಾರದ ಕಾವೇರಿ ಜಾಲದಲ್ಲಿದ್ದವು. ಅವುಗಳ ಬೆರಳಚ್ಚನ್ನು ಕಳ್ಳರು ನಕಲು ಮಾಡಿ, ಆಧಾರ್ ಮೂಲಕ ಹಣ ಕೊಡುವ ಏರ್ಪಾಟಿನಲ್ಲಿ ಬಳಸಿ, ಖಾತೆಗಳಿಂದ ಹಣ ಎತ್ತಿದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಇದಕ್ಕೆ ಒಟಿಪಿ ಬೇಕಾಗಲಿಲ್ಲ, ಪಿನ್ ಬೇಕಾಗಲಿಲ್ಲ. ಯಲಬುರ್ಗಾದ ಹಳ್ಳಿಗಳಲ್ಲಿ ಹೆಬ್ಬೆಟ್ಟೊತ್ತಿ ಹಣ ತೆಗೆಯುವ ಮುದುಕಿಯರು ನೆಚ್ಚಿರುವುದೂ ಇದೇ ಏರ್ಪಾಟನ್ನು. ಕಳುವಾದ ಪಾಸ್‌ವರ್ಡನ್ನು ಬದಲಾಯಿಸಬಹುದು. ಕಳುವಾದ ಹೆಬ್ಬೆರಳನ್ನು ಬದಲಾಯಿಸುವುದು ಹೇಗೆ?

ಕಾನೂನು ಇದೆಯಲ್ಲ ಎನ್ನುವವರುಂಟು. ಇದೆ. ನಮ್ಮ ನಾಡಿನ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಆ ಹಕ್ಕನ್ನು ಕಾಯಬೇಕಾದ ಕಾಯ್ದೆ ಬಂದುದು 2023ರಲ್ಲಿ. ಮಾಹಿತಿಯನ್ನು ಕಾಯದೆ ಸೋರಗೊಟ್ಟ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡವಂತೆ. ದಂಡದ ಹಣ ಯಾರಿಗೆ? ಕೇಂದ್ರ ಸರ್ಕಾರದ ಬೊಕ್ಕಸಕ್ಕೆ. ಕಳೆದುಕೊಂಡವನಿಗೆ ಅದರಲ್ಲಿ ಬಿಡಿಕಾಸಿಲ್ಲ. ಹುರುಳಿಲ್ಲದ ದೂರು ಕೊಟ್ಟನೆಂದು ಕಂಡರೆ ಆ ಬಡವನಿಗೇ 10,000 ರೂಪಾಯಿವರೆಗೆ ದಂಡ! ತಾನು ಹೆಸರಿಸಿದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಸರ್ಕಾರವು ಇಟ್ಟುಕೊಂಡಿದೆ. ಇದೆಂಥ ನ್ಯಾಯ?

ಆದುದರಿಂದ ಭರವಸೆಯನ್ನು ನಂಬಿ ಕೂರದೆ ಕೀಲಿಕೈಯನ್ನೇ ಕೇಳಬೇಕು. ಅದಕ್ಕೊಂದು ವಿದ್ಯೆ ಇದೆ. ಜೀರೋ ನಾಲೆಜ್ ಎನ್‌ಕ್ರಿಪ್ಶನ್ ಎಂದು ಅದರ ಹೆಸರು. ಇಟ್ಟುಕೊಂಡವನಿಗೆ ಏನಿಟ್ಟಿದ್ದೇವೆಂಬುದೇ ತಿಳಿಯದಂತೆ ಇಡುವುದು ಎಂದು ಅದರ ಅರ್ಥ. ನಿಮಗೊಬ್ಬರಿಗೇ ಗೊತ್ತಿರುವ ಒಂದು ಗುಟ್ಟಿನ ಮಾತನ್ನು ನಿಮ್ಮ ಮೊಬೈಲು ಲಕ್ಷಗಟ್ಟಲೆ ಸಲ ಲೆಕ್ಕದ ಗಾಣಕ್ಕೆ ಹಾಕಿ ಅರೆಯುತ್ತದೆ. ಅದರಿಂದ ಕೀಲಿಕೈ ಹುಟ್ಟುತ್ತದೆ. ನಿಮ್ಮ ಕಾಗದಪತ್ರಕ್ಕೆ ಕೀಲಿ ಬೀಳುವುದು ನಿಮ್ಮ ಕೈಯಲ್ಲೇ. ಕಂಪನಿಗೆ ಹೋಗುವುದು ಕೀಲಿ ಬಿದ್ದ ಪೆಟ್ಟಿಗೆ ಮಾತ್ರ. ಕಂಪನಿಯ ನೌಕರ ಇಣುಕಿದರೂ, ಕಳ್ಳ ಕನ್ನ ಹಾಕಿದರೂ ಅವನಿಗೆ ಸಿಗುವುದು ಅರ್ಥವಿಲ್ಲದ ಅಕ್ಷರಗಳ ರಾಶಿ.

ಇದಕ್ಕೂ ಪರೀಕ್ಷೆಯ ಕಾಲ ಬಂದಿತ್ತು. 2022ರಲ್ಲಿ ಅಮೆರಿಕದ ಲಾಸ್ಟ್‌ಪಾಸ್ ಎಂಬ, ಪಾಸ್‌ವರ್ಡು ಕಾಯುವ ಕಂಪನಿಗೆ ಕನ್ನ ಬಿತ್ತು. ಗಿರಾಕಿಗಳ ಪೆಟ್ಟಿಗೆಗಳ ಪ್ರತಿಗಳನ್ನೇ ಕಳ್ಳರು ಹೊತ್ತೊಯ್ದರು. ಪಾಸ್‌ವರ್ಡುಗಳಿಗೆ ಕೀಲಿ ಬಿದ್ದಿತ್ತು. ಯಾವ ಯಾವ ಜಾಲತಾಣದಲ್ಲಿ ಖಾತೆ ಇದೆ ಎಂಬ ವಿಳಾಸಗಳಿಗೆ ಬಿದ್ದಿರಲಿಲ್ಲ. ಇದರಿಂದ ಎರಡು ಪಾಠ. ಕೆಲವಕ್ಕೆ ಕೀಲಿ ಹಾಕಿ ಕೆಲವನ್ನು ಬಯಲಿಗಿಡುವ ಕಂಪನಿಯ ಮಾತನ್ನು ಪೂರ್ತಿ ನಂಬಬಾರದು. ಹುಟ್ಟಿದ ತಾರೀಖನ್ನೋ ಮಗನ ಹೆಸರನ್ನೋ ಗುಟ್ಟಿನ ಮಾತಾಗಿ ಇಟ್ಟವನ ಪೆಟ್ಟಿಗೆ ಊಹೆಗೇ ಬಿಚ್ಚಿಕೊಳ್ಳುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಸೇರಿಸಿ ಇಟ್ಟವನದನ್ನು ಬಿಚ್ಚುವುದು ಬಹಳ ಕಷ್ಟ.

"ಮುಚ್ಚಿಡಲು ನನ್ನಲ್ಲೇನಿದೆ?" ಎಂದು ಬಡವ ಕೇಳುತ್ತಾನೆ. ನಿನ್ನಲ್ಲಿ ಎಷ್ಟು ಸಾಲವಿದೆ, ಎಷ್ಟು ದಾಸ್ತಾನಿದೆ ಎಂಬುದು ಅಡತಿ ಅಂಗಡಿಯವನಿಗೆ ಮೊದಲೇ ತಿಳಿದರೆ ದರ ಕಟ್ಟುವವನು ಯಾರು, ಅಣ್ಣಾ? ಸಂಘಕ್ಕೆ ಚಂದಾ ಕೊಟ್ಟ ಹಮಾಲರ ಪಟ್ಟಿ ಧಣಿಯ ಕೈಸೇರಿದರೆ ಮರುದಿನ ಗಿರಣಿಯ ಬಾಗಿಲಲ್ಲಿ ನಿಲ್ಲಿಸುವುದು ಯಾರನ್ನು? ಧಣಿ ತನ್ನ ಕಿರ್ದಿ ಪುಸ್ತಕವನ್ನು ನಿನಗೆಂದಾದರೂ ತೋರಿಸಿದ್ದಾನೆಯೇ?

ಕಳ್ಳರಿಗೂ ಈ ವಿದ್ಯೆ ಅನುಕೂಲವೆಂದು ಸರ್ಕಾರದ ಕಡೆಯವರು ವಾದಿಸುತ್ತಾರೆ. ಕಳ್ಳನ ಮನೆಗೂ ಬಾಗಿಲಿದೆ. ಅದಕ್ಕಾಗಿ ಊರಿನ ಕೀಲಿಕೈಗಳನ್ನೆಲ್ಲ ಚಾವಡಿಯಲ್ಲಿ ಇಡಿಸುವುದುಂಟೆ? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೆಯ ಕಲಮು ಗೂಢಲಿಪಿಯನ್ನು ಬಿಡಿಸಿಕೊಡೆಂದು ಆಜ್ಞಾಪಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟೇ ಇದೆ. ಕೇಳದವನಿಗೆ 7 ವರ್ಷದವರೆಗೆ ಸೆರೆ. ಇಷ್ಟಾದ ಮೇಲೂ ಎಲ್ಲರ ಕೀಲಿಕೈ ಬೇಕೆಂಬುದು ದುರಾಸೆ.

ಈ ವಿದ್ಯೆಗೂ ಮಿತಿಯಿದೆ. ಬ್ಯಾಂಕಿನ ಲೆಕ್ಕವನ್ನು ಬ್ಯಾಂಕಿನಿಂದ ಮುಚ್ಚಲಾಗದು. ಫೋನಿನಲ್ಲಿ ಕೇಳಿದವನಿಗೆ ಪಿನ್ ಹೇಳಿಬಿಟ್ಟರೆ ಯಾವ ಕೀಲಿಯೂ ಕಾಯದು. ಗುಟ್ಟಿನ ಮಾತು ಮರೆತರೆ ಕಂಪನಿಯೂ ಪೆಟ್ಟಿಗೆ ತೆರೆದುಕೊಡಲಾರದು. ಆದುದರಿಂದ ಅದನ್ನು ಕಾಗದದಲ್ಲಿ ಬರೆದು ಮನೆಯ ಟ್ರಂಕಿನಲ್ಲಿಡಿರಿ. ಟ್ರಂಕಿಗೆ ಕನ್ನ ಹಾಕಲು ಕಳ್ಳ ನಿಮ್ಮ ಓಣಿಗೇ ಬರಬೇಕು.

ಮಾಡಬೇಕಾದುದು ಇಷ್ಟು. ಕೀಪಾಸ್, ಬಿಟ್‌ವಾರ್ಡನ್ ಎಂಬ ಸಾಧನಗಳಿವೆ. ಅವು ತಮ್ಮ ಒಳಗಿನ ಬರವಣಿಗೆಯನ್ನು ಲೋಕದ ಪರೀಕ್ಷೆಗೆ ತೆರೆದಿಟ್ಟಿವೆ. ಕಾಸು ಕೊಡದೆ ಬಳಸಬಹುದು. ಓದಿದ ಹುಡುಗರು ಹಮಾಲರ ಸಂಘದಲ್ಲಿ, ವರ್ತಕರ ಸಂಘದಲ್ಲಿ ಕೂತು ಕಲಿಸಲಿ. ಆದರೆ ಗುಟ್ಟಿನ ಮಾತನ್ನು ಒತ್ತುವ ಬೆರಳು ಅವರವರದೇ ಆಗಿರಲಿ. ಆಧಾರಿನ ಬೆರಳಚ್ಚಿಗೆ ಕೀಲಿ ಹಾಕುವ ಅವಕಾಶವನ್ನು ಆಧಾರ್ ಪ್ರಾಧಿಕಾರವೇ ಕೊಟ್ಟಿದೆ, ಅದನ್ನು ಬಳಸಿರಿ. ಪಗಾರದ ಎಟಿಎಂ ಕಾರ್ಡನ್ನಾಗಲಿ ಪಿನ್ನನ್ನಾಗಲಿ ಗುತ್ತಿಗೆದಾರ ಕೇಳಿದರೆ, ಒಬ್ಬೊಬ್ಬರಾಗಿ ಅಂಜದೆ, ಎಲ್ಲರೂ ಕೂಡಿ ಕೊಡೆವೆನ್ನಿರಿ.

ಸರ್ಕಾರದ ಮುಂದೆ ನಮ್ಮ ಬೇಡಿಕೆ ಎರಡು. ಸೋರಿಕೆಯ ದಂಡದಲ್ಲಿ ಕಳೆದುಕೊಂಡವನಿಗೆ ಪರಿಹಾರ ಸಿಗಲಿ. ಜನರ ಕಾಗದಪತ್ರವಿಡುವ ಯಾವ ಜಾಲವಾದರೂ ಕೀಲಿಕೈಯನ್ನು ಜನರ ಕೈಗೇ ಕೊಡಲಿ. ದುಡಿದವನ ಗಳಿಕೆ ದುಡಿದವನಿಗೆ ಸೇರಬೇಕೆನ್ನುವ ನಾವು ಅವನ ಗುಟ್ಟೂ ಅವನದೆಂದು ಹೇಳಲು ಯಾಕೆ ಹಿಂಜರಿಯಬೇಕು?