ಸಾಲಕ್ಕೆ ನೆರವು ಅಂತ ಹೆಸರಿಡಬೇಡಿ



ಬೆಳೆಗೆ ಬೆಲೆ ಕೊಡಿ ಅಂದರೆ ಸಾಲ ಕೊಡ್ತೀವಿ ಅಂತಾರೆ. ಮಳೆ ಹೋಯ್ತು ಅಂದರೂ ಸಾಲ ಕೊಡ್ತೀವಿ ಅಂತಾರೆ. ಈಗ ಮಗಳು ಓದಬೇಕು ಅಂದರೂ ಅದೇ ಮಾತು. ಈ ಸಲ ಮಾತ್ರ ಅದಕ್ಕೆ ವಿದ್ಯಾರ್ಥಿ ನೆರವು ಅಂತ ಒಳ್ಳೆ ಹೆಸರಿಟ್ಟಿದ್ದಾರೆ. ಬಡ್ಡಿ ಸೇರಿಸಿ ವಾಪಸ್ ಕಟ್ಟಬೇಕಾದ್ದು ನೆರವು ಹೇಗಾದೀತು? ಸಾಲ ಅಂದರೇನು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಡಮಾನ ಬೇಡ, ಜಾಮೀನು ಬೇಡ ಅಂದರು. ಒಳ್ಳೇದೇ. ಆದರೆ ಯಾವ ಕಾಲೇಜಿಗೆ? ದೇಶದಲ್ಲಿ ಮೇಲಿನ ಶ್ರೇಯಾಂಕ ಪಡೆದ 860 ಸಂಸ್ಥೆಗಳಿಗೆ ಅಂತ ಶುರುಮಾಡಿದರು. ನಮ್ಮ ತಾಲ್ಲೂಕಿನ ಮಕ್ಕಳು ಹೆಚ್ಚಾಗಿ ಸೇರೋ ಕಾಲೇಜು ಆ ಪಟ್ಟಿಯಲ್ಲಿ ಇದೆಯಾ ನೋಡಿ. ವರ್ಷಕ್ಕೆ 8 ಲಕ್ಷದವರೆಗೆ ಆದಾಯ ಇರೋ ಮನೆಯವರಿಗೆ, 10 ಲಕ್ಷದವರೆಗಿನ ಸಾಲಕ್ಕೆ, ಬಡ್ಡಿಯಲ್ಲಿ ಶೇಕಡ 3 ಸರ್ಕಾರ ಹೊರುತ್ತೆ. ಅದೂ ವರ್ಷಕ್ಕೆ ದೇಶಕ್ಕೆಲ್ಲಾ ಸೇರಿ ಒಂದು ಲಕ್ಷ ವಿದ್ಯಾರ್ಥಿಗಳಿಗೆ. 2025ರಲ್ಲಿ ಕರ್ನಾಟಕ ಒಂದರಲ್ಲೇ ದ್ವಿತೀಯ ಪಿಯುಸಿ ಪಾಸಾದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!

ಪಟ್ಟಿಯ ಹೊರಗಿನ ಕಾಲೇಜಿಗೆ ಬ್ಯಾಂಕುಗಳ ಮಾಮೂಲಿ ವಿದ್ಯಾಸಾಲ. ಏಳೂವರೆ ಲಕ್ಷ ದಾಟಿದರೆ ಅಡಮಾನ ಕೇಳ್ತಾರೆ. ಅಂದರೆ ನಿಮ್ಮ ಮನೆ, ನಿವೇಶನ, ಕಡೆಗೆ ನಿಮ್ಮ ಪಹಣಿ.

ಒಂದು ಲೆಕ್ಕ ಹಾಕೋಣ. ನಾಲ್ಕು ವರ್ಷದ ಓದಿಗೆ ವರ್ಷಕ್ಕೆ 2 ಲಕ್ಷದಂತೆ 8 ಲಕ್ಷ ಸಾಲ. ಬಡ್ಡಿ ನೂರಕ್ಕೆ 10 ಅಂತ ಇಟ್ಟುಕೊಳ್ಳಿ. ಓದು ಮುಗಿದು, ಕೊಟ್ಟ ಒಂದು ವರ್ಷದ ಗಡುವೂ ಮುಗಿಯೋ ಹೊತ್ತಿಗೆ ಸರಳ ಬಡ್ಡಿಯೇ 2 ಲಕ್ಷ 80 ಸಾವಿರ. ಸಾಲ 10 ಲಕ್ಷ 80 ಸಾವಿರ ಆಯ್ತು. ಅದನ್ನ ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳ ಕಂತು 14 ಸಾವಿರದ ಮೇಲೆ. 2025-26ರ ರಾಗಿ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ತಿಂಗಳಿಗೆ ಹತ್ತಿರ ಹತ್ತಿರ ಮೂರು ಕ್ವಿಂಟಲ್, ವರ್ಷಕ್ಕೆ 35 ಕ್ವಿಂಟಲ್ ರಾಗಿ, ಹತ್ತು ವರ್ಷ! ಗೊಬ್ಬರದ ಖರ್ಚು, ಆಳಿನ ಕೂಲಿ ಕಳೆಯದೇ ಹೇಳಿದ ಲೆಕ್ಕ ಇದು. ಬೆಳೆ ಬರೋದು ವರ್ಷಕ್ಕೆ ಒಂದು ಸಲವೋ ಎರಡು ಸಲವೋ. ಕಂತು ಬರೋದು ಪ್ರತಿ ತಿಂಗಳು.

ಓದಿದವನು ಸಂಬಳ ತರ್ತಾನೆ, ಅವನೇ ಕಟ್ಟಲಿ ಅಂತ ಪೇಟೆಯವರು ಹೇಳಬಹುದು. ಕೆಲಸ ಸಿಕ್ಕರೆ ಸರಿ. ಸಿಗದಿದ್ದರೆ? ಸಾಲಪತ್ರಕ್ಕೆ ಅಪ್ಪನೋ ಅಮ್ಮನೋ ಜಂಟಿ ಸಾಲಗಾರರಾಗಿ ಸಹಿ ಹಾಕಿರ್ತಾರೆ. ಮಗ ಬಾಕಿ ಬಿದ್ದರೆ ಅಪ್ಪನ ಸಿಬಿಲ್ ಅಂಕವೂ ಕೆಡುತ್ತೆ. ಮುಂದಿನ ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದಾಗ ಅದನ್ನೇ ಎದುರಿಗೆ ಹಿಡೀತಾರೆ. 2018ರಲ್ಲಿ ರಾಜ್ಯ ಸರ್ಕಾರ ಮನ್ನಾ ಮಾಡಿದ್ದು ಬೆಳೆಸಾಲ. ಓದಿನ ಸಾಲ ಅದರಲ್ಲಿ ಬರಲಿಲ್ಲ. ವಿದ್ಯಾಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ, ನಿಜ. ಬೇಸಾಯದ ಆದಾಯಕ್ಕೆ ತೆರಿಗೆಯೇ ಇಲ್ಲದ ಮೇಲೆ ಆ ರಿಯಾಯಿತಿಯಿಂದ ನಮಗೇನು ಬಂತು?

ಸಾಲದ ಚಟ ಕಾಲೇಜುಗಳಿಗೂ ಹತ್ತಿಸಿದ್ದಾರೆ. 2017ರಲ್ಲಿ ಕೆನರಾ ಬ್ಯಾಂಕಿನ ಜೊತೆ ಸೇರಿ ಕೇಂದ್ರ ಸರ್ಕಾರ ಹೆಫಾ ಅನ್ನೋ ಸಂಸ್ಥೆ ಕಟ್ಟಿತು. ಕಟ್ಟಡಕ್ಕೆ, ಪ್ರಯೋಗಾಲಯಕ್ಕೆ ಅನುದಾನದ ಬದಲು ಸಾಲ. ಆ ಕಂತಿಗೆ ಕಾಲೇಜು ಹಣ ತರೋದು ಎಲ್ಲಿಂದ? ಫೀಸಿಗೆ ಕೈ ಹಾಕದೆ ಬೇರೆ ದಾರಿ ಎಷ್ಟಿದೆ? 2025ರ ಡಿಸೆಂಬರ್‌ನಲ್ಲಿ ಯು.ಜಿ.ಸಿ.ಯನ್ನು ತೆಗೆದು ಹೊಸ ವ್ಯವಸ್ಥೆ ತರೋ ಮಸೂದೆ ಲೋಕಸಭೆಗೆ ಬಂದು, ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಕಾಲೇಜುಗಳ ಮೇಲೆ ಹಿಡಿತ ಹೊಸ ಸಂಸ್ಥೆಗೆ. ಅನುದಾನ ಹಂಚೋ ಕೆಲಸ ಅದರ ಕೈಲಿಲ್ಲ. ಥೈಲಿ ಯಾರ ಕೈಯಲ್ಲಿ ಅನ್ನೋದೇ ರೈತ ಕೇಳಬೇಕಾದ ಪ್ರಶ್ನೆ.

ನಿಜವಾದ ನೆರವು ಆಗೋದೇ ಇಲ್ಲ ಅಂತಲ್ಲ. 2021ರಲ್ಲಿ ರಾಜ್ಯ ಸರ್ಕಾರ ರೈತ ವಿದ್ಯಾನಿಧಿ ಪ್ರಕಟಿಸಿತು. ಪದವಿ ಓದೋ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500. ಇಂಜಿನಿಯರಿಂಗ್, ವೈದ್ಯಕೀಯಕ್ಕೆ 10,000, 11,000. ಮೊತ್ತ ಸಣ್ಣದು. ಆದರೆ ವಾಪಸ್ ಕೇಳೋ ಹಣ ಅಲ್ಲ. ನೆರವು ಅಂದರೆ ಇದು.

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು. ಒಂದು, ರೈತರ ಮಕ್ಕಳಿಗೆ ಕೊಡೋ ವಿದ್ಯಾರ್ಥಿವೇತನ ಕಾಲೇಜಿನ ಫೀಸಿಗೆ ತಕ್ಕಂತೆ ಇರಲಿ, ಬೆಲೆ ಏರಿದಂತೆ ಅದೂ ಏರಲಿ. ಎರಡು, ಓದಿನ ಸಾಲಕ್ಕೆ ಜಮೀನು ಅಡಮಾನ ಕೂಡದು, ಎಷ್ಟೇ ಮೊತ್ತ ಇರಲಿ. ಮೂರು, ಸಹಕಾರ ಸಂಘದ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಇಲ್ಲದ ಮಿತಿಯನ್ನು 2023ರ ರಾಜ್ಯ ಬಜೆಟ್ 5 ಲಕ್ಷಕ್ಕೆ ಏರಿಸಿತು. ಅದೇ ನ್ಯಾಯ ಅದೇ ರೈತನ ಮಗಳ ಓದಿಗೂ ಸಿಗಲಿ. ನಾಲ್ಕು, ಕೆಲಸ ಸಿಗೋವರೆಗೆ ಕಂತೂ ಬೇಡ, ಬಡ್ಡಿಯೂ ಬೇಡ.

ಅಲ್ಲಿಯವರೆಗೆ ನೀವು ಮಾಡಬೇಕಾದ್ದು ಇಷ್ಟು. ಏಳೂವರೆ ಲಕ್ಷದೊಳಗಿನ ವಿದ್ಯಾಸಾಲಕ್ಕೆ ಯಾರಾದರೂ ಪಹಣಿ ತನ್ನಿ ಅಂದರೆ, ಯಾವ ನಿಯಮ ಅಂತ ಬರೆದುಕೊಡಿ ಅನ್ನಿ. ಅರ್ಜಿ ತಿರಸ್ಕರಿಸಿದರೆ ಕಾರಣ ಕಾಗದದಲ್ಲಿ ಕೇಳಿ. ಓದದೆ ಸಹಿ ಹಾಕಬೇಡಿ. ಬಜೆಟ್ ಬರೋ ಮೊದಲು ಗ್ರಾಮಸಭೆಯಲ್ಲಿ ಈ ನಾಲ್ಕು ಮಾತು ಠರಾವು ಮಾಡಿ ನಿಮ್ಮ ಶಾಸಕನ ಕೈಗೆ, ಸಂಸದನ ಕೈಗೆ ಕೊಡಿ.

ಬೆಲೆ ಸರಿಯಾಗಿ ಸಿಕ್ಕಿದ್ದರೆ ಮಕ್ಕಳ ಫೀಸಿಗೆ ನಾವು ಯಾರ ಬಾಗಿಲಿಗೂ ಹೋಗ್ತಿರಲಿಲ್ಲ. ಬೆಲೆಯನ್ನೂ ಕೊಡದೆ, ಓದನ್ನೂ ಸಾಲಕ್ಕೆ ಮಾರೋದಾದರೆ ನಮ್ಮ ಮಕ್ಕಳು ಪುಸ್ತಕ ತೆರೆಯೋ ಮೊದಲೇ ಸಾಲಗಾರರಾಗ್ತಾರೆ. ಅಪ್ಪನ ಸಾಲವೇ ಸಾಕು. ಮಕ್ಕಳಿಗೂ ಅದನ್ನ ಹೊರಿಸೋದಕ್ಕೆ ನಾವು ಒಪ್ಪೋದಿಲ್ಲ.